ಅಷ್ಟೂರಿನ ಬಹಮನಿ ಗೋರಿಗಳು

೧

ಬೀದರ ಪಟ್ಟಣಕ್ಕೆ ಪೂರ್ವದಲ್ಲಿ, ಸುಮಾರು ಎರಡು ಮೈಲಿಗಳ ದೂರದಲ್ಲಿ, ಅಷ್ಟೂರೆಂಬ ಗ್ರಾಮವಿದೆ. ಅಲ್ಲಿಯ ಹೊಲಗಳ ನಡುವೆ ಸಾಲಾಗಿ ನಿಂತಿರುವ ಗುಂಬಜುಗಳು ಬಹಮನಿ ಮನೆತನದ ಕೊನೆಯ ನೂರು ವರ್ಷಗಳ ಅರಸರ ಗೋರಿಗಳು. ೧೪೩೬ರಲ್ಲಿ ತೀರಿಕೊಂಡ ಅಹಮದ್ ಷಾಹನಿಂದ ತೊಡಗಿ, ರಾಜ್ಯವನ್ನು ಕಳೆದುಕೊಂಡು ಪರಸ್ಥಳದಲ್ಲಿ ಆಶ್ರಯ ಬೇಡಿದ ಕಲೀಮುಲ್ಲನವರೆಗೆ ಆ ವಂಶದವರ ಹೆಸರುಗಳು ಇಲ್ಲಿಯ ಗೋರಿಗಳಿಗೆ ಸಲ್ಲುತ್ತವೆ. ಬೀದರದ ಕೋಟೆ, ಅರಮನೆ, ಮದರಸಗಳು ರಾಜ್ಯದ ವೈಭವವನ್ನು ಹೇಳುತ್ತವೆ. ಅಷ್ಟೂರಿನ ಗೋರಿಗಳು ಆ ವೈಭವದ ಏಳುಬೀಳುಗಳೆರಡನ್ನೂ ಹೇಳುತ್ತವೆ.

ರುದ್ರಭೂಮಿಯೊಂದನ್ನು ಚರಿತ್ರೆಗೆ ಆಧಾರವಾಗಿ ಹಿಡಿಯುವಾಗ ಮೂರು ಬಗೆಯ ಸಾಕ್ಷ್ಯಗಳನ್ನು ಗಮನಿಸಬೇಕಾಗುತ್ತದೆ. ಮೊದಲನೆಯದು ಕಟ್ಟಡ ಮತ್ತು ಅದರ ಲಿಪಿ. ಎರಡನೆಯದು ಆಸ್ಥಾನದ ಚರಿತ್ರಕಾರರ ಗ್ರಂಥ. ಮೂರನೆಯದು ಸುತ್ತಲಿನ ಜನರ ನೆನಪು ಮತ್ತು ಆಚಾರ. ಅಷ್ಟೂರಿನಲ್ಲಿ ಈ ಮೂರೂ ದೊರೆಯುತ್ತವೆ. ಆದರೆ ಮೂರೂ ಒಂದೇ ಮಾತನ್ನು ಹೇಳುವುದಿಲ್ಲ. ಗ್ರಂಥದಲ್ಲಿ ನಿರ್ದಯನಾದ ದಂಡನಾಯಕನಾಗಿ ಕಾಣುವ ಅರಸನು ಜನರ ನೆನಪಿನಲ್ಲಿ ಮಹಾತ್ಮನಾಗಿದ್ದಾನೆ. ಈ ವಿರೋಧವನ್ನು ಬಿಡಿಸಿ ನೋಡದೆ ಅಷ್ಟೂರಿನ ಇತಿಹಾಸವು ಪೂರ್ಣವಾಗಲಾರದು.

೨

ಬಹಮನಿ ರಾಜ್ಯವು ೧೩೪೭ರಲ್ಲಿ ಸ್ಥಾಪಿತವಾಯಿತು. ಕಲಬುರ್ಗಿಯು ಅದರ ರಾಜಧಾನಿಯಾಗಿದ್ದ ಕಾಲದ ಅರಸರ ಗೋರಿಗಳು ಆ ಊರಿನಲ್ಲಿಯೇ ಇವೆ. ಅವುಗಳಲ್ಲಿ ಹಫ್ತ್ ಗುಂಬಜ್ ಎಂಬ ಗುಂಪು ಪ್ರಸಿದ್ಧವಾದುದು. ಫಿರೂಜ್ ಷಾಹನ ಜೋಡಿ ಕೋಣೆಗಳ ದೊಡ್ಡ ಗೋರಿಯು ಆ ಗುಂಪಿಗೆ ಸೇರಿದುದು. ೧೪೨೨ರಲ್ಲಿ ಫಿರೂಜನ ತಮ್ಮನಾದ ಅಹಮದನು ಅಣ್ಣನ ಸೈನ್ಯವನ್ನು ಸೋಲಿಸಿ ಪಟ್ಟವನ್ನು ಪಡೆದನು. ಫಿರೂಜನು ಅದೇ ವರ್ಷ ಮೃತನಾದನು. ಅಹಮದನಿಗೆ ಆಶೀರ್ವಾದಮಾಡಿದ್ದ ಕಲಬುರ್ಗಿಯ ಖ್ವಾಜಾ ಬಂದೇನವಾಜರು ಕಾಲವಾದುದೂ ಆ ವರ್ಷದಲ್ಲಿಯೇ. ಹೀಗೆ ಹೊಸ ಅರಸನಿಗೆ ಹಳೆಯ ರಾಜಧಾನಿಯಲ್ಲಿ ಗುರುವಿನ ಆಸರೆಯೂ ಉಳಿಯಲಿಲ್ಲ, ಅಣ್ಣನ ನೆನಪೂ ಹಿತವಾಗಿರಲಿಲ್ಲ. ಮುಂದಿನ ಕೆಲವು ವರ್ಷಗಳಲ್ಲಿ ಅವನು ರಾಜಧಾನಿಯನ್ನು ಬೀದರಕ್ಕೆ ಸಾಗಿಸಿದನು. ಎತ್ತರವಾದ ಕೆಂಗಲ್ಲಿನ ಪ್ರಸ್ಥಭೂಮಿ, ಹಿತವಾದ ಹವೆ, ರಾಜ್ಯದ ಮಧ್ಯಭಾಗಕ್ಕೆ ಸಮೀಪವಾದ ನೆಲೆ, ಇವು ಈ ಬದಲಾವಣೆಗೆ ಸಾಮಾನ್ಯವಾಗಿ ಹೇಳುವ ಕಾರಣಗಳು.

ರಾಜಧಾನಿಯು ಬದಲಾದಂತೆ ರಾಜಗುರುಪರಂಪರೆಯೂ ಬದಲಾಯಿತು. ಅಹಮದ್ ಷಾಹನು ಪಾರಸೀಕ ದೇಶದ ಕಿರ್ಮಾನ್ ಪ್ರಾಂತದ ಮಾಹಾನ್ ಎಂಬ ಊರಿನಲ್ಲಿದ್ದ ಷಾಹ ನಿಅಮತುಲ್ಲಾ ವಲಿಯೆಂಬ ಸೂಫಿ ಗುರುವಿಗೆ ದೂತರನ್ನು ಕಳುಹಿಸಿ ದಕ್ಷಿಣಕ್ಕೆ ಬರಬೇಕೆಂದು ಬೇಡಿಕೊಂಡನು. ಗುರುವು ತಾನು ಬರದೆ ಮೊಮ್ಮಗನಾದ ನೂರುಲ್ಲನನ್ನು ಕಳುಹಿಸಿದನು. ೧೪೩೧ರಲ್ಲಿ ಗುರುವು ಕಾಲವಾದಮೇಲೆ ಅವನ ಮಗನಾದ ಖಲೀಲುಲ್ಲನು ಬೀದರಕ್ಕೆ ಬಂದನು. ಮಾಹಾನಿನಲ್ಲಿ ಗುರುವಿನ ಸಮಾಧಿಯ ಮೇಲೆ ಗುಂಬಜನ್ನು ಕಟ್ಟಿಸಿದವನೂ ಅಹಮದ್ ಷಾಹನೇ. ಆ ಕಟ್ಟಡವು ಮುಗಿದ ಕಾಲಕ್ಕೂ ಅಹಮದನು ಮೃತನಾದ ಕಾಲಕ್ಕೂ ಹೆಚ್ಚಿನ ಅಂತರವಿಲ್ಲ. ಸಾವಿರಾರು ಮೈಲಿಗಳ ಅಂತರದಲ್ಲಿ ಗುರುವಿನ ಗೋರಿಯೂ ಶಿಷ್ಯನ ಗೋರಿಯೂ ಒಬ್ಬನೇ ಅರಸನ ಭಕ್ತಿಗೆ ಗುರುತಾಗಿ ನಿಂತಿವೆ.

೩

ಅಷ್ಟೂರಿನ ಗೋರಿಗಳಲ್ಲಿ ಕಾಲದಿಂದಲೂ ಮಹತ್ತ್ವದಿಂದಲೂ ಮೊದಲನೆಯದು ಅಹಮದ್ ಷಾಹನದು. ಅದರ ಗೋಡೆಗಳ ದಪ್ಪವು ಸುಮಾರು ೧೨ ಅಡಿ. ಹೊರಗಡೆ ಕಮಾನುಗಳ ಸಾಲುಗಳನ್ನು ಬಿಟ್ಟರೆ ವಿಶೇಷವಾದ ಅಲಂಕಾರವಿಲ್ಲ. ಕಟ್ಟಡದ ಘನತೆಯೇ ಅದರ ಅಲಂಕಾರ. ಆದರೆ ಒಳಹೊಕ್ಕವರಿಗೆ ತೋರುವುದು ಬೇರೊಂದು ಲೋಕ. ಗೋಡೆಗಳ ಮೇಲೂ ಗುಂಬಜಿನ ಒಳಮೈಯ ಮೇಲೂ ಚಿನ್ನದ ನೀರು, ನೀಲಿ, ಕೆಂಪು ಮೊದಲಾದ ಬಣ್ಣಗಳಿಂದ ಬಿಡಿಸಿದ ಲತೆಗಳು, ಪುಷ್ಪಗಳು, ರೇಖಾಜಾಲಗಳು ತುಂಬಿವೆ. ಮಬ್ಬು ಬೆಳಕಿನಲ್ಲಿಯೂ ಆ ಬಣ್ಣಗಳ ಕಾಂತಿಯು ಇಂದಿಗೂ ತಿಳಿಯುತ್ತದೆ. ದಕ್ಷಿಣದ ಭಿತ್ತಿಚಿತ್ರಗಳ ಚರಿತ್ರೆಯಲ್ಲಿ ಈ ಗೋರಿಗೆ ಪ್ರತ್ಯೇಕವಾದ ಸ್ಥಾನವುಂಟು.

ಆದರೂ ಚರಿತ್ರಕಾರನಿಗೆ ಚಿತ್ರಕ್ಕಿಂತ ಲಿಪಿಯು ಹೆಚ್ಚಿನ ಮಾತನ್ನು ಹೇಳುತ್ತದೆ. ಕೂಫಿ, ನಸ್ಖ್, ತುಘ್ರಾ ಎಂಬ ಲಿಪಿಭೇದಗಳಲ್ಲಿ ಇಲ್ಲಿ ಬರೆದಿರುವುದು ರಾಜವಂಶದ ಬಿರುದಾವಳಿಯಲ್ಲ. ನಿಅಮತುಲ್ಲಾ ಗುರುವಿನ ಆಧ್ಯಾತ್ಮಿಕ ಪರಂಪರೆಯ ವಂಶಾವಳಿ. ಗುರುವಿಗೆ ಗುರು, ಅವನಿಗೆ ಗುರು, ಎಂದು ಪ್ರವಾದಿಯವರೆಗೆ ಹೋಗುವ ಹೆಸರುಗಳ ಸರಣಿಯ ಜೊತೆಗೆ ಪಾರಸಿ ಭಾಷೆಯ ಪದ್ಯಗಳೂ ಇವೆ. ರಾಜನೊಬ್ಬನು ತನ್ನ ಗೋರಿಯ ಗೋಡೆಯ ಮೇಲೆ ತಂದೆತಾತಂದಿರ ಹೆಸರುಗಳಿಗೆ ಬದಲಾಗಿ ಗುರುಪರಂಪರೆಯನ್ನು ಬರೆಯಿಸಿಕೊಂಡುದು ಸಾಮಾನ್ಯವಾದ ಸಂಗತಿಯಲ್ಲ. ಅಣ್ಣನಿಂದ ರಾಜ್ಯವನ್ನು ಕಿತ್ತುಕೊಂಡವನಿಗೆ ರಕ್ತಸಂಬಂಧದ ಹಕ್ಕಿಗಿಂತ ಗುರುಕೃಪೆಯ ಹಕ್ಕು ಹೆಚ್ಚು ಬಲವಾಗಿ ತೋರಿದ್ದಿರಬೇಕು. ಹೀಗೆ ನೋಡಿದರೆ ಈ ಲಿಪಿಯು ಭಕ್ತಿಯ ಗುರುತಾಗಿರುವಂತೆಯೇ ರಾಜನೀತಿಯ ಗುರುತೂ ಆಗಿದೆ.

ಅಹಮದ್ ಷಾಹನಿಗೆ ‘ವಲಿ’, ಎಂದರೆ ದೇವರಿಗೆ ಆಪ್ತನಾದವನು, ಎಂಬ ಬಿರುದು ಬಂದುದಕ್ಕೆ ಎರಡು ಕಾರಣಗಳನ್ನು ಹೇಳುವರು. ನಿಅಮತುಲ್ಲಾ ಗುರುವು ತನ್ನ ಪತ್ರದಲ್ಲಿ ಅವನನ್ನು ಹಾಗೆ ಸಂಬೋಧಿಸಿದನೆಂಬುದು ಒಂದು. ಎರಡನೆಯದು ಜನರಿಗೆ ಹೆಚ್ಚು ಪ್ರಿಯವಾದ ಕಥೆ. ಅವನ ಆಳಿಕೆಯ ಆರಂಭದಲ್ಲಿ ಮಳೆಯಿಲ್ಲದೆ ಕ್ಷಾಮವು ತಲೆದೋರಿತು. ಅರಸನು ಊರ ಹೊರಗೆ ಹೋಗಿ ಮಳೆಗಾಗಿ ದೇವರನ್ನು ಪ್ರಾರ್ಥಿಸಿದನು. ಪ್ರಾರ್ಥನೆಯು ಮುಗಿಯುವಷ್ಟರಲ್ಲಿ ಮೋಡಗಳು ಕವಿದು ಮಳೆಯು ಸುರಿಯಿತು. ಜನರು ಅವನನ್ನು ವಲಿಯೆಂದು ಕೊಂಡಾಡಿದರು. ಮೊದಲನೆಯದು ಆಸ್ಥಾನದ ಬಿರುದು, ಎರಡನೆಯದು ಒಕ್ಕಲಿಗನ ಬಿರುದು. ಮುಂದೆ ಉಳಿದುಬಂದುದು ಯಾವುದೆಂಬುದನ್ನು ಅಷ್ಟೂರಿನ ಜಾತ್ರೆಯು ತೋರಿಸುತ್ತದೆ.

೪

ಬೀದರದಿಂದ ಅಷ್ಟೂರಿಗೆ ಹೋಗುವ ದಾರಿಯಲ್ಲಿ, ಎತ್ತರವಾದ ನೆಲದ ಮೇಲೆ, ಖಲೀಲುಲ್ಲನ ಸಮಾಧಿಯಿದೆ. ಇದನ್ನು ಚೌಖಂಡಿಯೆಂದು ಕರೆಯುತ್ತಾರೆ. ಎರಡು ಅಂತಸ್ತುಗಳ ಎಂಟು ಮೂಲೆಯ ಹೊರಗೋಡೆ, ಅದರೊಳಗೆ ಚೌಕವಾದ ಸಮಾಧಿಗೃಹ, ಎರಡರ ನಡುವೆ ತೆರೆದ ಆಕಾಶ, ಇದು ಇದರ ವಿನ್ಯಾಸ. ಬಾಗಿಲಿನ ಸುತ್ತಲಿನ ಕರಿಯ ಕಲ್ಲಿನ ಕೆತ್ತನೆಯೂ ಅಕ್ಷರಗಳ ಸೊಬಗೂ ಪ್ರಸಿದ್ಧವಾದುವು. ಲಿಪಿಕಾರನು ಷೀರಾಜ್ ಪಟ್ಟಣದ ಮುಘೀಸ್ ಎಂಬವನು. ಅಹಮದ್ ಷಾಹನ ಮಗನಾದ ಅಲಾವುದ್ದೀನ್ ಅಹಮದನ ಕಾಲದ ಕಟ್ಟಡವಿದು. ಅರಸರ ಗೋರಿಗಳಿಗೆ ಹೋಗುವವರು ಮೊದಲು ಗುರುವಿನ ಸಮಾಧಿಯನ್ನು ಹಾದುಹೋಗಬೇಕಾಗಿರುವುದು ಗಮನಿಸತಕ್ಕ ವಿಷಯ.

ಅಲಾವುದ್ದೀನನು ೧೪೩೬ರಿಂದ ೧೪೫೮ರವರೆಗೆ ಆಳಿದನು. ಬೀದರದಲ್ಲಿ ಆತುರಶಾಲೆಯೊಂದನ್ನು ಸ್ಥಾಪಿಸಿ, ಅದರ ವೆಚ್ಚಕ್ಕೆ ಗ್ರಾಮಗಳನ್ನು ಬಿಟ್ಟುಕೊಟ್ಟನೆಂದು ಚರಿತ್ರಕಾರರು ಅವನನ್ನು ಹೊಗಳಿದ್ದಾರೆ. ಅವನ ಗೋರಿಯು ತಂದೆಯ ಗೋರಿಗಿಂತ ಭಿನ್ನವಾದ ರುಚಿಯನ್ನು ತೋರಿಸುತ್ತದೆ. ತಂದೆಯು ಅಲಂಕಾರವನ್ನು ಒಳಗೆ ಬಚ್ಚಿಟ್ಟನು. ಮಗನ ಗೋರಿಯಲ್ಲಿ ಅದು ಹೊರಗೋಡೆಗೆ ಬಂದಿತು. ಕಮಾನುಗಳ ಅಂಚಿಗೆ ಕೆತ್ತಿದ ಕರಿಯ ಕಲ್ಲು, ಅವುಗಳ ನಡುವೆ ಮೆರುಗುಬಣ್ಣದ ಹಂಚುಗಳು. ಹಂಚುಗಳಲ್ಲಿ ಬಹುಭಾಗವು ಕಾಲಕ್ರಮದಲ್ಲಿ ಉದುರಿಹೋಗಿದೆ. ಉಳಿದ ತುಣುಕುಗಳು ಪಾರಸೀಕದ ಶಿಲ್ಪಸಂಪ್ರದಾಯವು ಬೀದರದಲ್ಲಿ ಎಷ್ಟರಮಟ್ಟಿಗೆ ನೆಲೆಸಿತ್ತೆಂಬುದಕ್ಕೆ ಸಾಕ್ಷಿ.

೫

ಅಲಾವುದ್ದೀನನ ಮಗನಾದ ಹುಮಾಯೂನನು ೧೪೫೮ರಿಂದ ೧೪೬೧ರವರೆಗೆ, ಮೂರೇ ವರ್ಷ, ಆಳಿದನು. ಅವನಿಗೆ ‘ಜಾಲಿಮ್’, ಎಂದರೆ ಕ್ರೂರಿ, ಎಂಬ ಹೆಸರು ನಿಂತಿದೆ. ಅವನ ಗೋರಿಗೆ ಸಿಡಿಲು ಬಡಿದು ಗುಂಬಜಿನ ಬಹುಭಾಗವೂ ಗೋಡೆಗಳೂ ಕುಸಿದಿವೆ. ಸೀಳಿದ ಹಣ್ಣಿನಂತೆ ನಿಂತಿರುವ ಉಳಿದ ಭಾಗದಲ್ಲಿ ಗುಂಬಜಿನ ಗರ್ಭರಚನೆಯು ಕಣ್ಣಿಗೆ ಕಾಣುತ್ತದೆ. ಹಗುರವಾದ ಇಟ್ಟಿಗೆಗಳನ್ನೂ ಕಲ್ಲಿನ ಕಟ್ಟಡದ ನಡುವೆ ಮರದ ಹಲಗೆಗಳನ್ನೂ ಬಳಸಿದ ಬಗೆಯು ಇದರಿಂದ ತಿಳಿಯುತ್ತದೆ. ಶಿಲ್ಪಶಾಸ್ತ್ರವನ್ನು ಅಭ್ಯಾಸಮಾಡುವವರಿಗೆ ಇತರ ಪೂರ್ಣವಾದ ಗೋರಿಗಳು ಹೇಳದ ವಿಷಯವನ್ನು ಈ ಭಗ್ನವಾದ ಗೋರಿಯು ಹೇಳುತ್ತದೆ.

ಆದರೆ ಜನರು ಇದರಲ್ಲಿ ಓದಿದುದು ಶಿಲ್ಪವನ್ನಲ್ಲ, ತೀರ್ಪನ್ನು. ಕ್ರೂರನಾದ ಅರಸನನ್ನು ಸತ್ತಮೇಲೆಯೂ ದೈವವು ಬಿಡಲಿಲ್ಲವೆಂಬ ಮಾತು ಈ ಪಾಳುಗೋಡೆಯನ್ನು ಹಿಡಿದು ಬೆಳೆದಿದೆ. ಈ ಮಾತಿಗೆ ಫಿರಿಸ್ತ ಮೊದಲಾದವರ ಗ್ರಂಥಗಳ ಬೆಂಬಲವುಂಟು. ಹುಮಾಯೂನನ ಕ್ರೌರ್ಯದ ವರ್ಣನೆಗಳು ಅವುಗಳಲ್ಲಿ ಹೇರಳವಾಗಿವೆ. ಆದರೆ ಬಹಮನಿ ಚರಿತ್ರೆಯನ್ನು ಆಮೂಲಾಗ್ರವಾಗಿ ಶೋಧಿಸಿದ ಹಾರೂನ್ ಖಾನ್ ಷೇರ್ವಾನಿಯವರು ಈ ವರ್ಣನೆಗಳನ್ನು ಹಾಗೆಯೇ ಒಪ್ಪಲಿಲ್ಲ. ದಂಗೆಗಳಿಂದ ಮುತ್ತಲ್ಪಟ್ಟ ಅರಸನ ಕಠಿಣದಂಡನೆಯನ್ನು ಪ್ರತಿಪಕ್ಷದವರು ಬೆಳೆಸಿ ಬರೆದರೆಂಬುದು ಅವರ ಅಭಿಪ್ರಾಯ. ಮಹಮೂದ್ ಗವಾನನಂತಹ ಸಮರ್ಥನನ್ನು ಉನ್ನತಪದವಿಗೆ ತಂದವನು ಇದೇ ಹುಮಾಯೂನನೆಂಬುದನ್ನೂ ಮರೆಯಲಾಗದು. ಸಿಡಿಲು ಬಡಿದುದು ನಿಜ. ಅದನ್ನು ಪ್ರಮಾಣವಾಗಿ ಹಿಡಿಯುವುದು ಚರಿತ್ರೆಗೆ ಸಲ್ಲದು.

ಹುಮಾಯೂನನ ಹಿರಿಯ ಮಗನಾದ ನಿಜಾಮ್ ಷಾಹನು ಎಂಟು ವರ್ಷದ ಬಾಲಕನಾಗಿ ಪಟ್ಟವೇರಿ ೧೪೬೩ರಲ್ಲಿ ಮೃತನಾದನು. ಅವನ ಗೋರಿಯು ಅಪೂರ್ಣವಾಗಿಯೇ ಉಳಿದಿದೆ. ತಮ್ಮನಾದ ಮೂರನೆಯ ಮಹಮ್ಮದನ ಗೋರಿಯೂ ಹಾಗೆಯೇ. ಬಾಲಕನ ಗೋರಿಯು ಅಪೂರ್ಣವಾದುದಕ್ಕೆ ಅವನ ಆಳಿಕೆಯು ಅಲ್ಪಕಾಲದ್ದೆಂದು ಹೇಳಬಹುದು. ಹತ್ತೊಂಬತ್ತು ವರ್ಷಗಳ ಕಾಲ ಆಳಿದ ಮಹಮ್ಮದನ ವಿಷಯದಲ್ಲಿ ಆ ಸಮಾಧಾನವು ಸಲ್ಲುವುದಿಲ್ಲ. ಅವನ ಕಾಲದಲ್ಲಿ ರಾಜ್ಯದ ಎಲ್ಲೆಗಳು ಹಿಂದೆಂದೂ ಇಲ್ಲದಷ್ಟು ಹಬ್ಬಿದ್ದವು; ಅದಕ್ಕೆ ಕಾರಣನಾದವನು ಮಂತ್ರಿಯಾದ ಮಹಮೂದ್ ಗವಾನನು. ೧೪೭೨ರಲ್ಲಿ ಬೀದರದಲ್ಲಿ ಮಹಾ ಮದರಸವನ್ನು ಕಟ್ಟಿಸಿದವನೂ ಅವನೇ. ಕೃತಕವಾದ ಪತ್ರವೊಂದನ್ನು ನಂಬಿ ಸುಲ್ತಾನನು ೧೪೮೧ರ ಏಪ್ರಿಲ್‌ನಲ್ಲಿ ಆ ವೃದ್ಧನನ್ನು ಕೊಲ್ಲಿಸಿದನು. ಒಂದು ವರ್ಷದೊಳಗೆ ತಾನೂ ಮೃತನಾದನು.

ಗವಾನನ ಗೋರಿಯು ಅಷ್ಟೂರಿನಲ್ಲಿಲ್ಲ. ಬೀದರದ ಇನ್ನೊಂದು ಪಕ್ಕದ ಗೋರನಳ್ಳಿಯ ಬಳಿ, ಗುಂಬಜಿಲ್ಲದೆ, ಸಾಧಾರಣವಾದ ಕಟ್ಟೆಯ ಮೇಲೆ ಅದು ಇದೆ. ರಾಜ್ಯವನ್ನು ಹಿಡಿದು ನಿಲ್ಲಿಸಿದವನಿಗೆ ಆರಡಿಯ ಕಟ್ಟೆ, ಅವನನ್ನು ಕೊಲ್ಲಿಸಿದವನಿಗೆ ಮುಗಿಯದ ಮಹಲು! ಇವೆರಡನ್ನೂ ಒಟ್ಟಿಗೆ ನೋಡಿದಾಗಲೇ ೧೪೮೧ರ ದುರಂತವು ಏನೆಂಬುದು ಮನಸ್ಸಿಗೆ ನಾಟುತ್ತದೆ.

೬

ಆಮೇಲಿನ ಕಥೆಯು ಸಂಕ್ಷೇಪವಾಗಿ ಹೇಳತಕ್ಕುದು. ೧೪೮೨ರಲ್ಲಿ ಪಟ್ಟವೇರಿದ ಮಹಮೂದ್ ಷಾಹನು ೧೫೧೮ರವರೆಗೆ ಆಳಿದನೆಂದು ಹೇಳುವುದು ವಾಡಿಕೆ. ಆದರೆ ಅಧಿಕಾರವಿದ್ದುದು ಖಾಸಿಮ್ ಬರೀದನ ಕೈಯಲ್ಲಿ, ಅವನ ತರುವಾಯ ಅಮೀರ್ ಬರೀದನ ಕೈಯಲ್ಲಿ. ಬಿಜಾಪುರ, ಅಹಮದನಗರ, ಬೀರಾರಗಳು ಒಂದೊಂದಾಗಿ ಕಳಚಿಕೊಂಡವು. ಕೊನೆಯ ಅರಸರಾದ ವಲಿಯುಲ್ಲ, ಕಲೀಮುಲ್ಲ ಎಂಬವರ ಗೋರಿಗಳು ಅಹಮದ್ ಷಾಹನ ಗೋರಿಯ ಮುಂದೆ ಬಹು ಸಣ್ಣವು. ಕಲೀಮುಲ್ಲನು ಬಾಬರನಿಗೆ ಗುಟ್ಟಾಗಿ ಪತ್ರವನ್ನು ಬರೆದು ಸಹಾಯವನ್ನು ಬೇಡಿದನು. ಅದು ಫಲಿಸದೆ ಬೀದರದಿಂದ ಓಡಿಹೋಗಿ ಅಹಮದನಗರದಲ್ಲಿ ಆಶ್ರಯ ಪಡೆದನು. ಅವನೊಡನೆ ಬಹಮನಿ ವಂಶದ ದೊರೆತನವು ಮುಗಿಯಿತು. ಬರೀದರು ತಮ್ಮ ಗೋರಿಗಳನ್ನು ಅಷ್ಟೂರಿನಲ್ಲಿ ಕಟ್ಟದೆ ಪಟ್ಟಣದ ಪಶ್ಚಿಮಕ್ಕೆ ಕಟ್ಟಿಕೊಂಡರು. ಹಿಂದೆ ಅಹಮದ್ ಷಾಹನು ಕಲಬುರ್ಗಿಯ ಗೋರಿಗಳನ್ನು ಬಿಟ್ಟುಬಂದಂತೆ, ಹೊಸ ಮನೆತನವು ಅವನ ನೆಲವನ್ನು ಬಿಟ್ಟಿತು.

ರಾಜವಂಶದ ರುದ್ರಭೂಮಿಗೆ ವಂಶವು ಅಳಿದಮೇಲೆ ಒದಗುವ ಗತಿಯು ಸಾಮಾನ್ಯವಾಗಿ ಒಂದೇ: ದೀಪ ಹಚ್ಚುವವರಿಲ್ಲ, ಗಿಡ ಕಡಿಯುವವರಿಲ್ಲ. ಅಷ್ಟೂರಿನ ಬಹುತೇಕ ಗೋರಿಗಳಿಗೆ ಅದೇ ಗತಿಯಾಯಿತು. ಒಂದಕ್ಕೆ ಮಾತ್ರ ಆಗಲಿಲ್ಲ.

೭

ಪ್ರತಿ ವರ್ಷವೂ ಹೋಳಿಯ ಹಬ್ಬವು ಕಳೆದಮೇಲೆ ಅಹಮದ್ ಷಾಹ ವಲಿಯ ಗೋರಿಯಲ್ಲಿ ಉರುಸು ನಡೆಯುತ್ತದೆ. ಅದಕ್ಕೆ ಮುಖ್ಯನಾಗಿ ಬರುವವನು ಮುಲ್ಲನೂ ಅಲ್ಲ, ಪೀರನೂ ಅಲ್ಲ. ಕಲಬುರ್ಗಿ ಜಿಲ್ಲೆಯ ಮಾಡ್ಯಾಳದ ಲಿಂಗಾಯತ ಜಂಗಮನು. ಪರಿವಾರದೊಡನೆ ಕಾಲ್ನಡೆಯಿಂದ ಬರುವ ಈ ಜಂಗಮನು ಫಕೀರನ ವೇಷವನ್ನು ತೊಟ್ಟು ಗೋರಿಯನ್ನು ಪ್ರವೇಶಿಸುತ್ತಾನೆ. ಶಂಖವನ್ನು ಊದುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ, ಗೋರಿಯ ಮೇಲೆ ಹೂವೇರಿಸುತ್ತಾರೆ. ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ನೆರೆಯುತ್ತಾರೆ. ಹೈದರಾಬಾದು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿಯವರು ೧೯೪೭ರಲ್ಲಿ ಪ್ರಕಟವಾದ ತಮ್ಮ ಬೀದರದ ಗ್ರಂಥದಲ್ಲಿ ಈ ಆಚಾರವನ್ನು ವರ್ಣಿಸಿದ್ದಾರೆ. ಲಿಂಗಾಯತ ಭಕ್ತರ ನಂಬಿಕೆಯಲ್ಲಿ ಇಲ್ಲಿ ಮಲಗಿರುವವನು ಅಲ್ಲಮಪ್ರಭುವಿನ ಅವತಾರ.

ಇದರಲ್ಲಿ ಮೊದಲು ವಿಚಾರಿಸಬೇಕಾದುದು ಕಾಲಗಣನೆ. ಉರುಸುಗಳು ಸಾಮಾನ್ಯವಾಗಿ ಹಿಜರಿ ತಿಥಿಯನ್ನು ಅನುಸರಿಸುತ್ತವೆ. ಹಿಜರಿ ವರ್ಷವು ಸೌರವರ್ಷಕ್ಕಿಂತ ಸುಮಾರು ೧೧ ದಿನ ಕಡಮೆಯಾದುದರಿಂದ, ಅಂತಹ ಉತ್ಸವಗಳು ಸುಮಾರು ೩೩ ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತವೆ. ಅಷ್ಟೂರಿನ ಉರುಸು ಹಾಗೆ ಅಲೆಯುವುದಿಲ್ಲ. ಅಧಿಕಮಾಸದಿಂದ ಋತುವನ್ನು ಸರಿಪಡಿಸಿಕೊಳ್ಳುವ ಹಿಂದೂ ಪಂಚಾಂಗಕ್ಕೆ ಅದು ಕಟ್ಟುಬಿದ್ದಿದೆ. ಅಹಮದ್ ಷಾಹನು ತೀರಿಕೊಂಡುದು ಹಿಜರಿ ೮೩೯ನೆಯ ವರ್ಷದ ರಂಜಾನ್ ತಿಂಗಳಿನಲ್ಲಿ. ಲೆಕ್ಕಹಾಕಿದರೆ ಅದು ೧೪೩೬ರ ಮಾರ್ಚ್‌ ಉತ್ತರಾರ್ಧಕ್ಕೂ ಏಪ್ರಿಲ್‌ ಪೂರ್ವಾರ್ಧಕ್ಕೂ, ಅಂದರೆ ಹೆಚ್ಚುಕಡಮೆ ಚೈತ್ರಮಾಸಕ್ಕೆ, ಬರುತ್ತದೆ. ಹಾಗಾದರೆ ಅರಸನ ಮರಣದ ಋತುವನ್ನು ಇಂದಿಗೂ ಹಿಡಿದಿಟ್ಟಿರುವುದು ರೈತರ ಪಂಚಾಂಗವೇ. ಈ ಒಂದು ಹೊಂದಿಕೆಯಿಂದ ಆಚಾರವು ೧೪೩೬ರಿಂದಲೇ ಎಡೆಬಿಡದೆ ನಡೆದುಬಂದಿತೆಂದು ಸಾಧಿಸಲಾಗದು. ಆದರೆ ಈಚಿನ ಕಾಲದಲ್ಲಿ ಯಾರೋ ಕಲ್ಪಿಸಿದುದೆಂದು ತಳ್ಳಿಹಾಕುವವರು ಈ ಹೊಂದಿಕೆಗೆ ಕಾರಣವನ್ನು ಹೇಳಬೇಕಾಗುತ್ತದೆ.

೮

ಎರಡನೆಯ ಪ್ರಶ್ನೆಯು ಹೆಚ್ಚು ಕಠಿಣವಾದುದು. ಅಲ್ಲಮಪ್ರಭುವು ಹನ್ನೆರಡನೆಯ ಶತಮಾನದವನು. ಅಹಮದ್ ಷಾಹನು ಹದಿನೈದನೆಯ ಶತಮಾನದವನು. ಅಲ್ಲದೆ ಈ ಅರಸನು ವಿಜಯನಗರದ ಮೇಲೆ ನಡೆಸಿದ ದಂಡಯಾತ್ರೆಯ ವರ್ಣನೆಯು ಫಿರಿಸ್ತನ ಗ್ರಂಥದಲ್ಲಿ ಭಯಂಕರವಾಗಿದೆ. ಹತರಾದವರ ಸಂಖ್ಯೆಯು ೨೦,೦೦೦ವನ್ನು ಮುಟ್ಟಿದಾಗಲೆಲ್ಲ ಅರಸನು ಮೂರು ದಿನ ತಂಗಿ ಉತ್ಸವವನ್ನು ಮಾಡುತ್ತಿದ್ದನೆಂದು ಅವನು ಬರೆಯುತ್ತಾನೆ. ಫಿರಿಸ್ತನು ಬಿಜಾಪುರದ ಆಸ್ಥಾನದಲ್ಲಿ ಸುಮಾರು ನೂರ ಎಪ್ಪತ್ತು ವರ್ಷಗಳ ತರುವಾಯ ಬರೆದವನು. ಸಂಖ್ಯೆಗಳನ್ನು ಉಬ್ಬಿಸುವುದು ಆ ಬಗೆಯ ಗ್ರಂಥಗಳ ರೂಢಿ. ಆದರೂ ದಂಡಯಾತ್ರೆಯು ಸುಳ್ಳಲ್ಲ, ಸಂಹಾರವೂ ಸುಳ್ಳಲ್ಲ. ಇಂತಹವನು ಅಲ್ಲಮನಾದುದು ಹೇಗೆ?

ಅರಬ್ಬಿ ಭಾಷೆಯಲ್ಲಿ ‘ಅಲ್ಲಾಮ’ ಎಂದರೆ ಮಹಾವಿದ್ವಾಂಸನೆಂದು ಅರ್ಥ. ಈ ಧ್ವನಿಸಾಮ್ಯವೇ ಎಲ್ಲಕ್ಕೂ ಕಾರಣವೆಂದು ಹೇಳುವುದು ಸುಲಭ. ಆದರೆ ಬರಿಯ ಧ್ವನಿಸಾಮ್ಯದಿಂದ ಜಂಗಮನೊಬ್ಬನು ಜಿಲ್ಲೆಯನ್ನು ದಾಟಿ ನಡೆದುಬರುವುದಿಲ್ಲ. ಹೆಚ್ಚು ಬಲವಾದ ಕಾರಣಗಳನ್ನು ಆ ಕಾಲದ ಕನ್ನಡ ಸಾಹಿತ್ಯದಲ್ಲಿಯೂ ಜನಜೀವನದಲ್ಲಿಯೂ ಹುಡುಕಬೇಕು. ಅಹಮದ್ ಷಾಹನ ಆಳಿಕೆಗೆ ಹೊಂದಿಕೊಂಡ ಕಾಲದಲ್ಲಿಯೇ, ಅವನ ವೈರಿರಾಜ್ಯವಾದ ವಿಜಯನಗರದಲ್ಲಿ, ಪ್ರೌಢದೇವರಾಯನ ಆಶ್ರಯದಲ್ಲಿ ಶರಣರ ಚರಿತ್ರೆಗೂ ವಚನಗಳಿಗೂ ಹೊಸ ಜೀವವು ಬಂದಿತು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮನು ಕಾವ್ಯನಾಯಕನಾದನು. ಶಿವಗಣಪ್ರಸಾದಿ ಮಹಾದೇವಯ್ಯನ ಶೂನ್ಯಸಂಪಾದನೆಯಲ್ಲಿ ಅವನೇ ಕೇಂದ್ರಪುರುಷನಾದನು. ಈ ಅಲ್ಲಮನು ಒಂದು ಊರಿಗೆ ಕಟ್ಟುಬೀಳದೆ, ಎಲ್ಲೆಡೆ ಸಂಚರಿಸುತ್ತ, ಯಾವ ವೇಷದಲ್ಲಾದರೂ ಎದುರಾಗಬಲ್ಲ ಜಂಗಮ. ಅಷ್ಟೂರಿಗೆ ಕಲ್ಯಾಣವು ದೂರವಲ್ಲ. ಶರಣರ ನೆನಪು ಆ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಬೇರೂರಿದುದು. ಅಂತಹ ನೆಲದಲ್ಲಿ, ಮಳೆ ತಂದ ಮಹಾತ್ಮನೆಂದು ಹೆಸರಾದ ಅರಸನನ್ನು ಜನರು ತಮಗೆ ಪರಿಚಿತವಾದ ಹೆಸರಿನಿಂದ ಕರೆದುದು ಅಸಹಜವಲ್ಲ. ಸುರಪುರ ಸೀಮೆಯ ತಿಂಥಣಿಯ ಮೌನೇಶ್ವರ, ಗೋಕಾಕ ಸೀಮೆಯ ಸಾವಳಗಿಯ ಶಿವಲಿಂಗೇಶ್ವರ ಇವರ ಕ್ಷೇತ್ರಗಳಲ್ಲಿಯೂ ಎರಡು ಮತಗಳ ಆಚಾರಗಳು ಹೀಗೆಯೇ ಬೆರೆತಿರುವುದರಿಂದ, ಅಷ್ಟೂರು ಒಂಟಿಯಾದ ಉದಾಹರಣೆಯಲ್ಲವೆಂಬುದು ಸ್ಪಷ್ಟವಾಗುತ್ತದೆ.

ಆದುದರಿಂದ ಅಹಮದನು ಅಲ್ಲಮನೇ ಎಂಬುದು ಚರಿತ್ರೆಯ ಸಂಗತಿಯಲ್ಲ. ಆದರೆ ಜನರು ಹಾಗೆ ನಂಬಿದರೆಂಬುದು ನಿಸ್ಸಂದೇಹವಾಗಿ ಚರಿತ್ರೆಯ ಸಂಗತಿ. ಒಂದನ್ನು ಹಿಡಿದು ಇನ್ನೊಂದನ್ನು ಅಲ್ಲಗಳೆಯುವುದು ತರವಲ್ಲ. ಉರುಸಿನ ಸೌಹಾರ್ದವನ್ನು ಹೊಗಳುವವರು ಫಿರಿಸ್ತನ ಪುಟಗಳನ್ನು ಮುಚ್ಚಿಡಬಾರದು. ಫಿರಿಸ್ತನ ಪುಟಗಳನ್ನು ಎತ್ತಿಹೇಳುವವರು ಮಾಡ್ಯಾಳದ ಜಂಗಮನ ಶಂಖಧ್ವನಿಗೆ ಕಿವಿಮುಚ್ಚಿಕೊಳ್ಳಬಾರದು. ಹುಮಾಯೂನನ ವಿಷಯದಲ್ಲಿ ಜನರ ನೆನಪು ಗ್ರಂಥದೊಡನೆ ಸೇರಿ ಒಬ್ಬನನ್ನು ಕೆಳಕ್ಕೆ ತಳ್ಳಿತು. ಅಹಮದನ ವಿಷಯದಲ್ಲಿ ಗ್ರಂಥವನ್ನು ಮೀರಿ ಒಬ್ಬನನ್ನು ಮೇಲಕ್ಕೆತ್ತಿತು. ಎರಡು ಗೋರಿಗಳೂ ಒಂದೇ ಸಾಲಿನಲ್ಲಿವೆ.

ಇನ್ನೊಂದು ಸಂಗತಿಯನ್ನು ಸಾಹಿತ್ಯಾಭ್ಯಾಸಿಗಳು ನೆನೆಯಬಹುದು. ಶರಣಸಂಪ್ರದಾಯದ ಕಥೆಯಂತೆ ಅಲ್ಲಮಪ್ರಭುವು ಶ್ರೀಶೈಲದ ಕದಳಿವನದಲ್ಲಿ ಬಯಲಾದನು, ಅವನಿಗೆ ಸಮಾಧಿಯಿಲ್ಲ. ಸಮಾಧಿಯಿಲ್ಲದ ಶರಣನಿಗೆ ಅಷ್ಟೂರಿನ ಜನರು ಸುಲ್ತಾನನ ಗುಂಬಜನ್ನು ಕೊಟ್ಟರು. ವಂಶವು ಅಳಿದ ಸುಲ್ತಾನನಿಗೆ ಶರಣನ ಹೆಸರನ್ನು ಕೊಟ್ಟರು. ಗೋರಿಯ ಗೋಡೆಯ ಪಾರಸಿ ಲಿಪಿಯನ್ನು ವಿದ್ವಾಂಸರು ಓದಿ ಪ್ರಕಟಿಸಿದ್ದಾರೆ. ಮಾಡ್ಯಾಳದಿಂದ ಅಷ್ಟೂರಿನವರೆಗಿನ ದಾರಿಯಲ್ಲಿ ಬಾಯಿಂದ ಬಾಯಿಗೆ ಬಂದ ಕನ್ನಡದ ಹಾಡು, ಕಥೆ, ಜಯಘೋಷಗಳನ್ನೂ ಅಷ್ಟೇ ಶ್ರದ್ಧೆಯಿಂದ ಸಂಗ್ರಹಿಸಿ ಅವುಗಳ ಪಕ್ಕದಲ್ಲಿಟ್ಟು ನೋಡಿದಾಗ, ಈ ಹಳ್ಳಿಯ ರುದ್ರಭೂಮಿಯ ಚರಿತ್ರೆಗೆ ಬೇಕಾದ ಮೂರನೆಯ ಸಾಕ್ಷ್ಯವೂ ಕೈಗೆ ಬಂದಂತಾಗುವುದು.